ಕೆಂಪಿಯ ಹಾಲು ನಿಲ್ಲಿಸಿ

ಪುಣೆ, ಸೋಮವಾರ

ವೈನಿ,

ನನ್ನ ಕೆಮ್ಮಿನ ಮಾತು ಬಿಡಿ, ಆಕಳ ಮಾತು ಕೇಳಿ. ನಾನು ಊರಿಂದ ತಂದ ಕೆಂಪಿಯ ಹಾಲಿನಲ್ಲಿದ್ದ ಕೆಚ್ಚಲುಬಾವಿನ ರೋಗಾಣು ನಮ್ಮ ಲ್ಯಾಬಿನ ತಟ್ಟೆಯಲ್ಲಿ ಬೆಳೆದಿದೆ. ಔಷಧದ ಬಿಲ್ಲೆಗಳ ಸುತ್ತ ಅದು ಸತ್ತು ಖಾಲಿ ಉಂಗುರ ಮೂಡಬೇಕಿತ್ತು. ಬಿಲ್ಲೆಗಳಿಗೆ ಅಂಟಿಕೊಂಡೇ ಹಬ್ಬಿದೆ. ಔಷಧಕ್ಕೆ ಸಾಯದ ಆ ಬಲ ಕೊಡುವ ಜೀನೂ ಅದರಲ್ಲಿ ಸಿಕ್ಕಿತು.

"ನೆರಿಮನಿಗೆ ಹೆಪ್ಪು ಕೊಟ್ಟಂಗ ಇವು ಜೀನ್ ಕೊಡ್ತಾವ, ಮನಶ್ಯಾರ ಹೊಟ್ಯಾಗಿನ ರೋಗಾಣುಗೂ," ಎಂದರು ನಮ್ಮ ಲ್ಯಾಬಿನ ಮಾಧುರಿ ಮೇಡಂ, ಅವರೂ ನಮ್ಮ ಕಡೆಯವರೇ.

ಕೂಸಿಗೆ ನೊರೆಹಾಲು ಕುಡಿಸಬೇಡಿ, ಕೆಂಪಿಯ ಹಾಲು ಯಾರಿಗೂ ಮಾರಬೇಡಿ, ದನದ ಡಾಕ್ಟರನ್ನು ಕರೆಸಿ. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ನೊರಿಹಾಲು ಕುಡದು ಬೆಳದವ ನಾ. ಓಣ್ಯಾಗ ಹೇಳಿ ಗಿರಾಕಿ ಕೆಡಸಬ್ಯಾಡ," ಎಂದು ಇಟ್ಟುಬಿಟ್ಟ.

ಅದಕ್ಕೇ ಲಕೋಟೆ ಬಿಟ್ಟು ಕಾರ್ಡು ಬರೆದೆ. ಅಂಚೆಯ ಹುಸೇನಪ್ಪ ಪ್ರತಿ ಕಟ್ಟೆಯಲ್ಲೂ ಓದಿ ಹೇಳಿಯೇ ನಿಮ್ಮ ಬಾಗಿಲಿಗೆ ಬರುತ್ತಾನೆ.

ತ್ರಿವೇಣಿ