ಬಣ್ಣ ತಿರುಗಿದ ಬಾಯಿತುಂಡು

ಚಳ್ಳಕೆರೆ
ಸಾಧಾರಣ ಸಂವತ್ಸರ, ಮಾಘ ಬಹುಳ ಪಂಚಮಿ
ಫೆಬ್ರವರಿ 1911

ಪ್ರೀತಿಯ ತಮ್ಮ ಗಾದ್ರಪ್ಪನಿಗೆ,

ಬಳ್ಳಾರಿಯ ಬಿಸಿಲು ನಿನ್ನ ಕೆಮ್ಮಿಗೆ ಒಗ್ಗಿತೇ? ರಾತ್ರಿ ಮೊಸರು ಬಿಡಬೇಕೆಂದು ಅವ್ವ ಹೇಳಿಸಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ, ಆದರೂ ಒಂದು ಕಡೆ ಕೂರುವವಳಲ್ಲ. ನಾನು ದೇಹದಿಂದ ಚೆನ್ನಾಗಿದ್ದೇನೆ. ಮನಸ್ಸು ಚೆನ್ನಾಗಿಲ್ಲ. ಕಾರಣ ನಿನಗೆ ಗೊತ್ತು.

ಈ ಮಾಘ ಶುದ್ಧ ದಶಮಿಯಂದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ವ್ಯಾಪಾರಿ ಯರ್ರಪ್ಪನವರ ಮಗಳ ಮದುವೆಯ ಚಪ್ಪರದಲ್ಲಿ, ನಮ್ಮೂರ ವಾದ್ಯ ರಿಪೇರಿಯ ನನ್ನೇಸಾಬನಿಗೆ ಅನ್ಯಾಯವಾಯಿತು. ಧಾರೆಯ ಹೊತ್ತಿಗೆ ನಿನ್ನ ಕ್ಲಾರಿಯೊನೆಟ್ ಕತ್ತು ಹಿಸುಕಿದ ಕೋಳಿಯ ಹಾಗೆ ಕೀರಿತು. ಯರ್ರಪ್ಪನವರು ವಾದ್ಯದಿಂದ ಊದುವ ಬಾಯಿತುಂಡನ್ನು ಕಿತ್ತು ಎಸೆದು, "ರಿಪೇರಿ ಮಾಡಿದ ಸಾಬ ಬೇಕಂತ್ಲೇ ಕೆಡಿಸಿ ಕೊಟ್ಟಾನೆ, ಮುಹೂರ್ತಕ್ಕೇ ಅಪಶಕುನ" ಎಂದರು. ನಿನ್ನ ವಾದನ ಕೇಳಲೆಂದೇ ಹೊಸ ಕೋಟು ತೊಟ್ಟು ಬಂದು ಕಂಬಕ್ಕೊರಗಿ ಕೂತಿದ್ದವನನ್ನು ಎಬ್ಬಿಸಿ ಹೊರಗೆ ದಬ್ಬಿದರು. ಅವನು ನಿನ್ನ ಮುಖ ನೋಡಿದ. ನೀನು ಚಾಪೆ ನೋಡುತ್ತಿದ್ದೆ. ಸಂಜೆಗೆ ಬಳ್ಳಾರಿಯಲ್ಲಿ ತಾಲೀಮು ಐತೆ ಎಂದು ಹೊರಟೇ ಹೋದೆ.

ನಾನು ಮರೆಯುವವನಲ್ಲ, ತಮ್ಮಾ. ದಂಡಿನ ಬ್ಯಾಂಡಿನವನಿಂದ ಆ ವಾದ್ಯ ತಂದಾಗ ನೀನು ಒಂದು ಗಮಕ ನುಡಿಸಲಾರದೆ ಅತ್ತಿದ್ದು ನೆನಪಿದೆಯೇ? ದೊರೆಗಳ ಕವಾಯತಿನ ಧಾಟಿಗೆ ಮಾಡಿದ ಬಾಯಿತುಂಡು ಅದು, ಸ್ವರ ನೆಟ್ಟಗೆ ನಿಲ್ಲುತ್ತಿತ್ತೇ ಹೊರತು ಬಳುಕುತ್ತಿರಲಿಲ್ಲ. ನನ್ನೇಸಾಬ ಗಾಜಿನ ಹಲಗೆಯ ಮೇಲೆ ಸಾಣೆಪುಡಿ ಹಾಕಿ ಅದನ್ನು ಎಳ್ಳಷ್ಟೆಳ್ಳಷ್ಟೇ ತಿಕ್ಕಿ, ಸ್ವರ ಹುಟ್ಟಿಸುವ ಜೊಂಡಿನ ಪೀಪಿಗೆ ಅಲುಗಲು ಜಾಗ ಬಿಡಿಸಿದ. ಹಿಂದಿನ ಸಿಪಾಯಿಯ ಹಲ್ಲು ಕೊರೆದಿದ್ದ ಗುಳಿಯಲ್ಲಿ ಅರಗು ತುಂಬಿ, ಮುರಿದ ನಿನ್ನ ಮುಂದಿನ ಹಲ್ಲಿಗೆ ತಕ್ಕ ಹಾಗೆ ಕೆತ್ತಿದ. ಒಮ್ಮೆಯೂ ತುಟಿಗೆ ಮುಟ್ಟಿಸಲಿಲ್ಲ. ಪೀಪಿ ಕಟ್ಟಿ ಕಿಟಕಿಯ ಬೆಳಕಿಗೆ ಹಿಡಿದು ಸಂದು ನೋಡುತ್ತಿದ್ದ. "ಊದಿ ನೋಡೋ" ಎಂದು ನೀನೇ ಅಂದಾಗ, "ನಿನ್ನ ಎಂಜಲು ನಂಗ್ಯಾಕಲೇ? ನಿಮ್ಮೋರು ಆಮೇಲೆ ಮಡಿ ಅಂತ ನನ್ನ ತಲೆಮೇಲೆ ನೀರು ಹೊಯ್ತಾರೆ" ಎಂದು ನಕ್ಕಿದ್ದ. ಜಂಬಗಾರನೂ ಹೌದು, ಅದನ್ನು ನಾನು ಮುಚ್ಚಿಡುವುದಿಲ್ಲ. ಮದುವೆಯ ಮುಂಚೆ ಮತ್ತೊಮ್ಮೆ ಸರಿಮಾಡಿ ಕೊಡುವಾಗ ಪೇಟೆಗೆಲ್ಲ ಕೇಳುವಂತೆ, "ಲೇ ಗಾದ್ರಾ, ಇದು ಕೀರಿದ್ರೆ ಸಂತೇಲಿ ಕೂತು ಮೀಸೆ ಬೋಳಿಸ್ಕೊಂತೀನಿ" ಎಂದ. ಆ ಮಾತೇ ಈಗ ಅವನ ಕುತ್ತಿಗೆಗೆ ಬಂದಿದೆ.

ಎಸೆದ ಬಾಯಿತುಂಡನ್ನು ನಾನು ಚಪ್ಪರದ ಮೂಲೆಯಿಂದ ಎತ್ತಿಕೊಂಡು ಬಂದೆ. ಇದನ್ನು ಬರೆಯುವಾಗ ಎದುರಿಗೇ ಇದೆ. ಕಾಡಿಗೆಯಂತೆ ಕಪ್ಪಗಿದ್ದದ್ದು ಹಳಸಿದ ಸೊಪ್ಪಿನ ಸಾರಿನ ಬಣ್ಣಕ್ಕೆ ತಿರುಗಿದೆ, ಗಂಧಕದ ವಾಸನೆ ಹೊಡೆಯುತ್ತದೆ, ಅರಗು ಕರಗಿ ಇಳಿದಿದೆ, ಪೀಪಿ ಕೂರುವ ಜಾಗ ಸೊಟ್ಟಗಾಗಿದೆ. ಅದು ಮರವಲ್ಲ, ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದ ಪದಾರ್ಥ ಎಂದು ಓದಿದ್ದೆ. ನಿನ್ನ ಅತ್ತಿಗೆಯ ಕರಿ ಬಾಚಣಿಗೆಯೂ ಅದರದ್ದೇ. ಅದನ್ನು ಕುದಿಯುವ ನೀರಿಗೆ ಹಾಕಿ ನೋಡಿದೆ. ಅದೇ ಬಣ್ಣ, ಅದೇ ವಾಸನೆ. ಅವಳ ಬೈಗುಳ ಇನ್ನೂ ನಿಂತಿಲ್ಲ.

ಅವನು ಕೊಟ್ಟ ಮೇಲೆ ಮದುವೆಯವರೆಗೂ ವಾದ್ಯ ಇದ್ದದ್ದು ನಮ್ಮ ಮನೆಯಲ್ಲಿ. ಅಂದರೆ ಸಾಬ ಮುಟ್ಟಿದ್ದೆಂದು ಮಡಿ ಮಾಡಲು ನಮ್ಮ ಮನೆಯಲ್ಲೇ ಯಾರೋ ಅದಕ್ಕೆ ಕುದಿನೀರು ಹೊಯ್ದರು. ಪೀಪಿ ಕಟ್ಟುವಾಗ ಬಣ್ಣ ನಿನ್ನ ಕಣ್ಣಿಗೆ ಬಿದ್ದೇ ಇರಬೇಕು. ಯಾವಾಗಲೂ ನಾಲ್ಕು ಸುತ್ತು ಕಟ್ಟುವ ಮೊಳಕಾಲ್ಮೂರಿನ ರೇಷ್ಮೆ ಎಳೆಯನ್ನು ಅವತ್ತು ತುಟಿ ಹಿಡಿಯುವ ಜಾಗದವರೆಗೂ ಸುತ್ತಿದ್ದೆಯಲ್ಲ, ಯಾತಕ್ಕೆ?

ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನ ಚಾವಡಿಯಲ್ಲಿ ಪಂಚರು ಸೇರುತ್ತಾರೆ. ನನ್ನೇಸಾಬ ತಪ್ಪೊಪ್ಪಿ ಸಂತೆಯಲ್ಲಿ ಮೀಸೆ ತೆಗೆಸಬೇಕು, ಎರಡೂರಿನ ವಾದ್ಯದವರು ಇನ್ನು ಅವನಿಗೆ ಕೆಲಸ ಕೊಡಕೂಡದು ಎಂದು ತೀರ್ಮಾನವಾಗುವ ಹಾಗಿದೆ. ಈಗಾಗಲೇ ಎಲ್ಲರೂ ತಮ್ಮ ತಮ್ಮ ವಾದ್ಯ ವಾಪಸು ಒಯ್ದರು. ಅಂಗಡಿಯ ಮುಂದೆ ಹಾದುಹೋಗುವ ಪಡ್ಡೆಗಳು "ಮೀಸಾಲು ಎಪ್ಪುಡು ಸಾಯಿಬೂ?" ಎಂದು, ಮೀಸೆ ಬೋಳಿಸೋದು ಯಾವಾಗ ಅಂತ, ತೆಲುಗಿನಲ್ಲಿ ಕೂಗಿ ಓಡುತ್ತಾರೆ. ಅವನು ತಲೆ ತಗ್ಗಿಸಿ ಖಾಲಿ ಗಾಜಿನ ಹಲಗೆ ಒರೆಸುತ್ತಾನೆ. ಮಾತಿಗೆ ಮಾತು ಬೆಳೆಸುತ್ತಿದ್ದವನನ್ನು ಹೀಗೆ ನೋಡಲಾಗದು. ಹೆಂಡತಿ ಹಜರಾ ಬೀ ನನ್ನನ್ನು ತಡೆದು, "ಅಣ್ಣಾ, ಇವ್ರು ಅಂಗಡಿ ಮುಚ್ಚಿ ಊರು ಬಿಡೋಣ ಅಂತಾರೆ, ನೀವಾದ್ರೂ ಹೇಳ್ರಿ" ಎಂದಳು. ಪ್ಲೇಗಿನ ವರ್ಷ ಊರೆಲ್ಲ ಹೊಲದ ಗುಡಿಸಲು ಸೇರಿದಾಗ, ನಮ್ಮ ಮನೆಯ ಬೀಗ ಕಾದವನು ಅವನು, ಜ್ವರದಲ್ಲಿದ್ದ ನಿನಗೆ ಗಂಜಿ ತಂದವಳು ಅವಳು. ಆ ಗಂಜಿಗೆ ನಾವು ಯಾವ ಮಡಿ ಮಾಡಿದ್ದೆವು?

ಮಠದ ಪುರಾಣದಲ್ಲಿ ಸತ್ಯದ ಕಥೆ ಕೇಳಿ ಕಣ್ಣೊರೆಸಿಕೊಳ್ಳುವ ಜನ ನಾವು. ಚಾಪೆ ನೋಡಿದ ನಿನ್ನ ಕಣ್ಣನ್ನು ಒಮ್ಮೆ ಮೇಲೆತ್ತು ಎಂದಷ್ಟೇ ಕೇಳುತ್ತೇನೆ.

ದೇವರು ನಿನ್ನ ಉಸಿರನ್ನೂ ನಾಲಗೆಯನ್ನೂ ಗಟ್ಟಿಯಾಗಿಡಲಿ.

ನಿನ್ನ ಅಣ್ಣ,
ಚಿಕ್ಕಬಸಪ್ಪ

ಮರೆತ ಮಾತು: ಕಾಗದ ಮಡಿಸುವ ಮುಂಚೆ ಅವ್ವನಿಗೆ ಓದಿ ಹೇಳಿದೆ. ಕಾಗದದ ಮೇಲೆ ಕೈಯಿಟ್ಟು ಅಂದಳು: "ಕುದಿನೀರು ಹೊಯ್ದಾಕಿ ನಾನೇ ಕಣೋ. ಗಾದ್ರ ತೊಳಿ ಅಂದ, ಹುಣಸೇಹಣ್ಣು ಹಚ್ಚಿ ತೊಳೆದೆ. ಬಣ್ಣ ಹೋತಲ್ಲೋ ಅಂದ್ರೆ, ದಾರ ಸುತ್ತಿದ್ರೆ ಕಾಣಲ್ಲ ಬಿಡವ್ವ ಅಂದ." ಅಮಾವಾಸ್ಯೆಗೆ ಗಾಡಿ ಕಟ್ಟು, ಚಾವಡಿ ಮುಂದೆ ನಿಂತು ನಾನೇ ಹೇಳ್ತೀನಿ ಎಂದು ಹಟ ಹಿಡಿದಿದ್ದಾಳೆ. ನಾನು ಗಾಡಿ ಕಟ್ಟುತ್ತೇನೆ. ಮಂಡಿ ಹಿಡಿದುಕೊಂಡು ಆ ಮುದುಕಿ ಗಂಡಸರ ನಡುವೆ ತನ್ನ ಕೈಯ ತಪ್ಪು ಹೇಳುವಾಗ, ತೊಳಿ ಅಂದವನು ಎಲ್ಲಿ ಎಂದು ಊರು ಕೇಳುತ್ತದೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಅಲ್ಲೇ, ಎಲ್ಲರ ಎದುರು, ನನ್ನೇಸಾಬನ ಮುಖ ನೋಡಿ ನೀನೇ ಕೊಡಬೇಕು.