ಓವನ್ ದೀಪದ ಕೆಳಗಿನ ಹಿಟ್ಟು

ಅಲೆನ್‌ನ ಮನೆಯಿಂದ, ಜನವರಿ ೨೦೦೩

ರೀ,

ಅಲ್ಲಿ ಹ್ಯೂಸ್ಟನ್ನಿನಲ್ಲಿ ಕೆಲಸ ಸಿಗುವುದು ತಡವಾದರೆ ಹಳೇ ಕಂಪನಿಯ ಪೆನ್ಷನ್ ಈಗಲೇ ತಗೊಂಡುಬಿಡ್ತೀನಿ ಅಂತ ಫೋನಿನಲ್ಲಿ ಅಂದಿರಿ. ನಾನು ವಿಚಾರಿಸಿದೆ. ಈಗ ಐವತ್ತೈದನೇ ವಯಸ್ಸಿಗೇ ಶುರು ಮಾಡಿದರೆ ಕೊನೆಯವರೆಗೂ ಅರ್ಧವೇ. ಕಾದಷ್ಟೂ ಹೆಚ್ಚಿ ಅರವತ್ತೈದಕ್ಕೆ ಪೂರ್ತಿ ಬರುತ್ತದೆ.

“ಕೆಲಸ ಬಿಟ್ಟ ಮೇಲೂ ಅದು ಹೇಗೆ ಬೆಳೆಯುತ್ತೆ?” ಅಂದಿರಲ್ಲ, ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬುವ ಹಾಗೆ. ಚಳಿಗೆಂದು ಓವನ್ನಿನ ದೀಪ ಹಾಕಿ ಅದರ ಸಣ್ಣ ಕಾವಿಗೆ ನಾನು ಒಳಗಿಟ್ಟಿದ್ದ ಹಿಟ್ಟು ಬೇಗ ಉಬ್ಬಲಿ ಅಂತ ನೀವು ಓವನ್ನನ್ನೇ ಬಿಸಿ ಮಾಡಿ ಡಬ್ಬಿ ಕರಗಿಸಿದ್ದು ನೆನಪಿದೆಯಾ? ಈ ಸಲ ಮುಟ್ಟಬೇಡಿ. ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ.

ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ. ಹಿಟ್ಟು ಉಬ್ಬಿದ ದಿನ ದೋಸೆ ತಿನ್ನುವವರು ಮನೆಯಲ್ಲಿರಬೇಕು.

ನಿಮ್ಮ
ಕುಮುದಾ