ಇನ್ನೂರ ಹದಿಮೂರನೇ ಪುಟದ ಆಚೆ

ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಗುಬ್ಬಿಗೆ, ನಿನ್ನ ಪುಸ್ತಕದ ಚಿಕ್ಕಮ್ಮನ ಪ್ರೀತಿಯ ನೆನಪುಗಳು.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಪೊಟ್ಟಣದ ಮೇಲೆ ಅಂಟಿಸಿದ್ದ ಲಕೋಟೆಯನ್ನು ಮಾತ್ರ ಬಿಡಿಸಿ ಓದಿದ್ದೇನೆ. ಅಮ್ಮನ ದಿಂಬಿನ ಕೆಳಗೆ ಸಿಕ್ಕ ಪುಸ್ತಕ, ನಿಮ್ಮದೇ ಇರಬೇಕು, ತೆರೆಯಲು ಧೈರ್ಯವಾಗಲಿಲ್ಲ, ಹಾಗೇ ಕಳಿಸುತ್ತಿದ್ದೇನೆ ಎಂದು ಬರೆದಿದ್ದೀಯ. ನನಗೂ ಆಗಿಲ್ಲ ಮಗಳೇ. ಪೊಟ್ಟಣ ಕಟ್ಟಿದ ಹಾಗೇ ಮೇಜಿನ ಮೇಲಿದೆ. ಕಣ್ಣಿಗೆ ಬೀಳದಿರಲಿ ಎಂದು ಅದರ ಮೇಲೆ ನಾನು ತಿದ್ದಬೇಕಾದ ಮುದ್ರಣಾಲಯದ ಕರಡುಗಳನ್ನು ಹೇರಿದ್ದೇನೆ. ಆದರೂ ಕಾಣುತ್ತಲೇ ಇರುತ್ತದೆ.

ನೀನು ಎರಡು ವಿಷಯ ಕೇಳಿದ್ದೀಯ. ಅಮ್ಮ ಇದ್ದಿದ್ದರೆ ನಿನಗೆ ಯಾವ ಯಾವ ಪುಸ್ತಕ ಓದು ಎನ್ನುತ್ತಿದ್ದಳು ಎಂಬುದು ಒಂದು. ಆ ಗುರುವಾರ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿ ಏನು ಕೇಳಿದಳು ಎಂಬುದು ಇನ್ನೊಂದು. ಫೋನ್ ಇಟ್ಟು ನಕ್ಕಳಂತೆ, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳಂತೆ, ಏನಮ್ಮಾ ಎಂದು ನೀನು ಕೇಳಿದ್ದಕ್ಕೆ "ನಿನ್ ಚಿಕ್ಕಮ್ಮನ್ನೇ ಕೇಳು" ಎಂದಳಂತೆ.

ಮೊದಲನೆಯದು ಸುಲಭ. ಅದರಿಂದಲೇ ಶುರು ಮಾಡುತ್ತೇನೆ.

ಪುಸ್ತಕಗಳ ನಿಜವಾದ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ನಾನೂ ನಿನ್ನ ಅಮ್ಮನೂ ಆ ಹೆಸರುಗಳನ್ನು ಬಳಸಿದ್ದೇ ಇಲ್ಲ. ಇಪ್ಪತ್ತಮೂರು ವರ್ಷ ನಮ್ಮದೇ ಹೆಸರುಗಳಲ್ಲಿ ಮಾತಾಡಿಕೊಂಡೆವು.

ಮೊದಲು ಕೆಮ್ಮುವ ಅತ್ತೆಯ ಪುಸ್ತಕ. ಮೊದಲ ಬಾರಿ ನಿಮ್ಮ ಹೊಲಿಗೆಯಂಗಡಿಗೆ ನಾನು ಅಂಗಿಯೊಂದನ್ನು ಸಡಿಲ ಮಾಡಿಸಲು ಬಂದಾಗ, ಅದು ಹೊಲಿಗೆಯಂತ್ರದ ಪಕ್ಕ ತೆರೆದಿತ್ತು. ಪುಟ ಮಗುಚದಂತೆ ನಿನ್ನ ಅಮ್ಮ ದೊಡ್ಡ ಕತ್ತರಿಯನ್ನು ಅದರ ಮೇಲೆ ಇಟ್ಟಿದ್ದಳು. ನಾನು ಅಳತೆ ಕೊಡುವುದು ಬಿಟ್ಟು ಪುಟ ಓದುತ್ತ ನಿಂತೆ. ಅವಳು ತಲೆಯೆತ್ತದೆ, "ಮುನ್ನೂರು ಪುಟದಿಂದ ಕೆಮ್ತಾನೇ ಇದಾಳೆ ರೀ ಈ ಮುದುಕಿ. ಸಾಯೋದೂ ಇಲ್ಲ, ಸೊಸೆನ ಬಾಳಿಸೋದೂ ಇಲ್ಲ" ಎಂದಳು. ನಾನು ಅದನ್ನು ಮೊದಲೇ ಓದಿದ್ದೆ. ಬಾಯಿ ತಡೆಯಲಾರದೆ, ಕೊನೆಗೆ ಸಾಯುವವಳು ಸೊಸೆ ಎಂದುಬಿಟ್ಟೆ. ಒಂಬತ್ತು ದಿನ ಬಿಟ್ಟು ಅಂಗಿ ತೊಟ್ಟರೆ ಎಡತೋಳು ಮೊಣಕೈ ದಾಟಲಿಲ್ಲ. ಕೇಳಲು ಹೋದೆ. "ಬೇಕಂತಲೇ ಮಾಡಿದ್ದು. ಕೊನೆ ಹೇಳೋರಿಗೆಲ್ಲ ಇದೇ ಅಳತೆ" ಎಂದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಸಿಟ್ಟು ಬಂದ ದಿನ ಈ ಪುಸ್ತಕ ತೆಗೆದುಕೋ. ಕೊನೆ ನಿನಗೂ ಹೇಳಿಬಿಟ್ಟೆ ನೋಡು, ಬುದ್ಧಿ ಬರಲಿಲ್ಲ.

ಆ ದಿನವೇ ಎರಡು ನಿಯಮ ಮಾಡಿಕೊಂಡೆವು. ತಾನು ಪೂರ್ತಿ ಓದದ ಪುಸ್ತಕವನ್ನು ಇನ್ನೊಬ್ಬಳಿಗೆ ಓದು ಎನ್ನಬಾರದು. ಓದು ಎಂದ ಮೇಲೆ ಕೊನೆ ಹೇಳಬಾರದು. ಇವೆರಡನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಎರಡನೆಯದು ದೀಪದ ಗೋಪುರದ ಪುಸ್ತಕ. ಗೋಪುರ ಕಾಯುವವನ ಮಗಳು, ಸುತ್ತ ಸಮುದ್ರ, ಮೊದಲ ಅರವತ್ತು ಪುಟ ಏನೂ ಆಗುವುದಿಲ್ಲ. ನಿನ್ನ ಅಮ್ಮ ಮೂರು ಸಲ ಕೈಬಿಟ್ಟಳು. ನಾಲ್ಕನೇ ಸಲ ಹಿಡಿದಾಗ ನೀನು ಹೊಟ್ಟೆಯಲ್ಲಿದ್ದೆ, ವೈದ್ಯರು ಯಂತ್ರ ತುಳಿಯಬೇಡ ಎಂದಿದ್ದರು, ಬೇರೆ ದಾರಿಯಿರಲಿಲ್ಲ. ಅರವತ್ತೊಂದನೇ ಪುಟಕ್ಕೆ ಬಂದವಳು ನನ್ನ ಮುದ್ರಣಾಲಯಕ್ಕೇ ನಡೆದು ಬಂದಳು, ಆ ಹೊಟ್ಟೆ ಹೊತ್ತುಕೊಂಡು, ಏದುಸಿರು ಬಿಡುತ್ತ. "ಮೊದ್ಲೇ ಹೇಳೋದಲ್ವೇನೇ, ಇಷ್ಟು ಚೆನ್ನಾಗಿದೆ ಅಂತ!" ಹೇಳಿದ್ದೆ, ಮೂರು ಸಲ ಹೇಳಿದ್ದೆ. ನೀನು ಅವಸರ ಮಾಡಬೇಡ. ಆ ಅರವತ್ತು ಪುಟದಲ್ಲಿ ಅವಳು ಬೇಸರಕ್ಕೆ ಅಂಚಿನಲ್ಲಿ ಬರೆದ ಅಂಗಿಗಳ ಅಳತೆಗಳಿವೆ. ಅವನ್ನಾದರೂ ಓದಿಕೊಂಡು ಹೋಗು.

ಮೂರನೆಯದು ಒಂದು ತೆಳ್ಳನೆಯ ಕವನಸಂಕಲನ. ನನಗೆ ಕವಿತೆಯಿಲ್ಲದೆ ದಿನ ಕಳೆಯದು, ಅವಳಿಗೆ ಕವಿತೆಯೆಂದರೆ ಆಗದು. "ಎರಡು ಮೀಟರ್ ಬಟ್ಟೆ ತಗೊಂಡು ಒಂದು ಕರ್ಚೀಫ್ ಹೊಲಿದು ಕೊಟ್ಟ ಹಾಗಿದೆ ನಿಮ್ಮ ಕವಿಗಳ ಕೆಲಸ, ಸುತ್ತ ಎಷ್ಟು ಜಾಗ ಹಾಳು" ಎನ್ನುತ್ತಿದ್ದಳು. ಆದರೂ ನಾನು ಕೊಟ್ಟದ್ದನ್ನೆಲ್ಲ ಓದಿದಳು, ನನಗೆ ಬೇಜಾರಾಗಬಾರದೆಂದು. ಒಗೆದ ಬಟ್ಟೆ ಮಡಿಸುತ್ತಿರುವ ತಾಯಿಯ ಬಗ್ಗೆ ಅದರಲ್ಲಿ ಒಂದು ಕವಿತೆಯಿದೆ, ಹನ್ನೊಂದೇ ಸಾಲು. ಅದರ ಪಕ್ಕದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಕಡ್ಡಿಯಿಂದ ಒಂದು ಗೆರೆ ಎಳೆದಿದ್ದಾಳೆ. ನನಗೆ ಅದರ ಬಗ್ಗೆ ಯಾವತ್ತೂ ಹೇಳಲಿಲ್ಲ. ಪುಟದ ಮೇಲೆ ಕೈ ಆಡಿಸಬೇಡ, ಅಳಿಸಿಹೋಗುತ್ತದೆ.

ಇನ್ನೂ ಏಳು ಪುಸ್ತಕಗಳು ಆ ಚೀಟಿಯಲ್ಲಿವೆ. ಅವುಗಳ ಬಗ್ಗೆಯೂ ಬರೆಯುತ್ತ ಕುಳಿತರೆ ನಿನ್ನ ಎರಡನೇ ಪ್ರಶ್ನೆಯನ್ನು ಇನ್ನೂ ಹನ್ನೊಂದು ದಿನ ಮುಂದೂಡಬಹುದು. ಹಾಗೆ ಮಾಡುವುದಿಲ್ಲ.

ಕಡೆಯದು ದೋಣಿಯವಳ ಪುಸ್ತಕ. ನೀನು ಕಳಿಸಿರುವುದು ಅದೇ. ಒಬ್ಬ ಹೆಂಗಸು ಐವತ್ತು ವರ್ಷ ಒಂದೇ ನದಿಯಲ್ಲಿ ದೋಣಿ ನಡೆಸುತ್ತಾಳೆ. ಆಚೆ ದಡದಲ್ಲಿ ಅವಳ ಗೆಳತಿಯೊಬ್ಬಳಿದ್ದಾಳೆ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಸಿಕ್ಕಿತು. ಹಿಂದಿನ ಕಾಲದ ಕಟ್ಟು, ಹಾಳೆಗಳ ಅಂಚು ಕತ್ತರಿಸದೆ ಜೋಡಿಜೋಡಿಯಾಗಿ ಅಂಟಿದ ಹಾಗೇ ಬಿಟ್ಟಿದ್ದರು. ಓದುತ್ತ ಓದುತ್ತ ನಾವೇ ಕತ್ತರಿಸಿ ಬಿಡಿಸಿಕೊಳ್ಳಬೇಕು. ನಾನು ಅಡುಗೆಮನೆಯ ಚಾಕುವಿನಿಂದ ಬಿಡಿಸುತ್ತೇನೆ, ಅಂಚು ಹಲ್ಲುಹಲ್ಲಾಗುತ್ತದೆ. ನಿನ್ನ ಅಮ್ಮ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯಿಂದ ಎಷ್ಟು ನಾಜೂಕಾಗಿ ಬಿಡಿಸುತ್ತಿದ್ದಳೆಂದರೆ ಕಾಗದಕ್ಕೇ ಗೊತ್ತಾಗುತ್ತಿರಲಿಲ್ಲ.

ಎಷ್ಟೋ ವರ್ಷಗಳಲ್ಲಿ ಅಂಥ ಪುಸ್ತಕ ಓದಿರಲಿಲ್ಲ. ಇನ್ನೂರ ಹದಿಮೂರನೇ ಪುಟದಲ್ಲಿ ಗೆಳತಿ ಹಾಸಿಗೆ ಹಿಡಿದಿದ್ದಾಳೆ, ದೋಣಿಯವಳು ಹುಟ್ಟು ಕೈಗೆತ್ತಿಕೊಂಡು ಹೊರಡುತ್ತಾಳೆ. ಅಷ್ಟು ಓದಿದ್ದೆ. ಆಗ ನೀನು ಫೋನ್ ಮಾಡಿದೆ, ವೈದ್ಯರ ವರದಿ ಬಂತು ಚಿಕ್ಕಮ್ಮಾ ಎಂದು. ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆಯಲಿಲ್ಲ.

ಮೂರು ವಾರದ ಮೇಲೆ ನಿನ್ನ ಅಮ್ಮ ಹೇಳಿಕಳಿಸಿದಳು, ಒಳ್ಳೆಯದೊಂದು ಪುಸ್ತಕ ಬೇಕು, ಉದ್ದದ್ದು, ಇಲ್ಲಿ ಸೂರು ನೋಡಿ ನೋಡಿ ಸಾಕಾಗಿದೆ ಎಂದು. ನನ್ನಲ್ಲಿದ್ದುದರಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಕಾಗದದಲ್ಲಿ ಸುತ್ತಿ ಕಳಿಸಿದೆ. ಮೇಲೊಂದು ಚೀಟಿ ಬರೆದೆ: "ನಾನು ಓದಿದ್ದರಲ್ಲೆಲ್ಲ ಇದೇ ಮೇಲು. ಕೊನೆಯಂತೂ ಮರೆಯುವ ಹಾಗಿಲ್ಲ." ಆ ಎರಡನೇ ವಾಕ್ಯ ಸುಳ್ಳು. ನಮ್ಮ ಮೊದಲ ನಿಯಮವನ್ನು ನಾನು ಮುರಿದೆ, ಅದೂ ಅವಳ ಕಡೆಯ ಪುಸ್ತಕದಲ್ಲಿ.

ಆ ಗುರುವಾರ ಅವಳು ಕೇಳಿದ್ದು ಇಷ್ಟೇ. "ಕೊನೇಲಿ ಏನಾಗುತ್ತೆ ಹೇಳೇ. ದೋಣಿಯವಳು ಹೋಗಿ ಮುಟ್ತಾಳಾ?"

ನಾನು ನಿಯಮ ನಿಯಮವೇ ಎಂದೆ. ಎಡತೋಳು ಮರೆತುಹೋಯಿತೇ ಎಂದು ತಮಾಷೆ ಮಾಡಿದೆ.

"ಅಯ್ಯೋ, ಈಗ ನಾನೇ ಕೇಳ್ತಾ ಇದೀನಲ್ಲೇ. ನೀನು ಓದಿದೀಯಲ್ಲ, ಹೇಳು."

ನೀನೇ ಓದು ಎಂದೆ. ಹಟ ಹಿಡಿದವಳಂತೆ ಎಂದೆ. ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ ಗುಬ್ಬಿ, ಇಪ್ಪತ್ತಮೂರು ವರ್ಷದ ನಿಯಮ ಅತ್ತ ಬಿಸಾಡಿ ಹೇಳುತ್ತಿದ್ದೆ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಓದಲು ಹೆದರಿಕೆಯಾಗಿತ್ತು ಎನ್ನಲು ಇನ್ನೂ ನಾಚಿಕೆ.

ಅವಳು, "ಸರಿ ಬಿಡು. ಬಂದ್ಬಿಡು ಹಾಗಾದ್ರೆ, ಇಬ್ರೂ ಒಟ್ಟಿಗೇ ಓದೋಣ" ಎಂದಳು. ಕರಡು ತಿದ್ದುವ ಕೆಲಸ ಮುಗಿಯಲಿ, ಭಾನುವಾರ ಬರುತ್ತೇನೆ ಎಂದೆ. ಕರಡು ಬುಧವಾರವೇ ಮುಗಿದಿತ್ತು. ಆಸ್ಪತ್ರೆಯ ಬಾಗಿಲಿನವರೆಗೆ ಅದಕ್ಕೂ ಮೊದಲು ಎರಡು ಸಲ ಬಂದು, ಎದುರಿನ ಹಣ್ಣಿನಂಗಡಿಯಲ್ಲಿ ನಿಂತು, ಹಿಂದಿರುಗಿದ್ದೆ. ಅಂಗಡಿಯವನು, "ಯಾರನ್ನ ನೋಡ್ಬೇಕಿತ್ತಮ್ಮಾ? ಒಳಗೆ ಬಿಡ್ತಾರೆ, ಹೋಗಿ" ಎಂದೂ ಹೇಳಿದ್ದ.

ಶನಿವಾರ ಬೆಳಿಗ್ಗೆ ನಿನ್ನ ಫೋನ್ ಬಂತು.

ನಾನು ನಿಮ್ಮ ಮನೆಗೆ ಬಂದಾಗ ನೀನು ನನ್ನ ಭುಜ ಹಿಡಿದು, ಅಮ್ಮ ನಿಮ್ಮ ಪುಸ್ತಕ ಬಿಟ್ಟಿರಲೇ ಇಲ್ಲ ಎಂದು ಅತ್ತೆ. ಆಗಲೇ ಹೇಳಬೇಕಿತ್ತು. ಎಲ್ಲರೆದುರು ಒಳ್ಳೆಯ ಗೆಳತಿಯಾಗಿ ನಿಂತುಕೊಂಡೆ.

ಅವಳು ಸುಳ್ಳನ್ನು ನಂಬಿಕೊಂಡೇ ಹೋದಳಲ್ಲ ಎಂಬುದು ನನ್ನನ್ನು ತಿನ್ನುತ್ತಿದೆ. ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ನ್ಯಾಯವೇ. ಪುಸ್ತಕಗಳ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಬೇಡ. ಅವನ್ನು ಓದು.

ಇನ್ನೂ ಹಾಗೆ ಕರೆಯಬೇಕೆನ್ನಿಸಿದರೆ,
ನಿನ್ನ ಪುಸ್ತಕದ ಚಿಕ್ಕಮ್ಮ

ಮರೆತ ಮಾತು: ಕಾಗದ ಮಡಿಸಿಟ್ಟ ಮೇಲೆ, ಇಷ್ಟು ಬರೆದವಳಿಗೆ ಇನ್ನೇನು ಭಯ ಎಂದು ಪೊಟ್ಟಣ ಬಿಚ್ಚಿದೆ. ಇನ್ನೂರ ಹದಿಮೂರನೇ ಪುಟದವರೆಗೆ ನನ್ನ ಚಾಕುವಿನ ಹಲ್ಲುಹಲ್ಲು ಅಂಚು. ಅಲ್ಲಿಂದ ಮುಂದೆ ಹಾಳೆಗಳು ಅಂಟಿದಂತೆಯೇ ಇವೆ, ಒಂದೂ ಬಿಡಿಸಿಲ್ಲ. ಇಡೀ ಬದುಕು ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು, ಸುತ್ತಿ ಕಳಿಸುವಾಗ ಇದನ್ನು ನೋಡಲಿಲ್ಲ. ಅವಳಿಗೆ ಗೊತ್ತಿತ್ತು ಗುಬ್ಬಿ. ಫೋನ್ ಮಾಡುವ ಮೊದಲೇ, ನಾನು ಎಲ್ಲಿ ನಿಂತೆ, ಯಾಕೆ ನಿಂತೆ, ಎಲ್ಲ ಗೊತ್ತಿತ್ತು. ಹೊಲಿಗೆ ಬಿಚ್ಚುವ ಅವಳ ಕೊಕ್ಕೆ ಆ ಪುಟದಲ್ಲೇ ಇದೆ. ಕೈಯಲ್ಲಿ ಕೊಕ್ಕೆ ಇಟ್ಟುಕೊಂಡು ಭಾನುವಾರಕ್ಕೆ ಕಾದಿದ್ದಾಳೆ. ನಾನೂ ಬಿಡಿಸಿಲ್ಲ. ಈ ಭಾನುವಾರ ತರುತ್ತೇನೆ. ಬಾಗಿಲು ತೆಗೆಯುತ್ತೀಯಾದರೆ, ಕೊಕ್ಕೆ ನೀನು ಹಿಡಿ. ಮುಂದಿನದನ್ನು ಒಟ್ಟಿಗೇ ಓದೋಣ.